ಸುದ್ದಿ ಓದುವವನ ಮನೆಯ ಉಪ್ಪು

ಇಪ್ಪತ್ತಮೂರು ವರ್ಷ ನಾನು ನಮ್ಮೂರಿಗೆ ಸುದ್ದಿ ಓದಿದೆ. ಊರ ನಡುವಿನ ಬುರುಜಿನ ಮೇಲೆ ನಾಲ್ಕು ದಿಕ್ಕಿಗೂ ಬಾಯಿ ತೆರೆದ ನಾಲ್ಕು ಧ್ವನಿವರ್ಧಕಗಳಿವೆ. ಗುಮಾಸ್ತ ಬಂದೇನವಾಜ ಪಂಚಾಯ್ತಿ ಅಧ್ಯಕ್ಷರ ಕಚೇರಿಯಿಂದ ಹಾಳೆ ತಂದುಕೊಡುತ್ತಿದ್ದ. ಸಂಜೆ ಆರಕ್ಕೆ ಸರಿಯಾಗಿ ಅದನ್ನು ಕೈಯಲ್ಲಿ ಹಿಡಿದು, ಒಮ್ಮೆ ಶಿವನನ್ನು ನೆನೆದು, ನಾನು ಓದಲು ಶುರು ಮಾಡುತ್ತಿದ್ದೆ. ಚಿಕ್ಕಂದಿನಿಂದ ನನಗೆ ತೊದಲು. ಅಂಗಡಿಯಲ್ಲಿ ಬೆಲ್ಲ ಕೇಳಬೇಕಾದರೂ ಮೊದಲ ಅಕ್ಷರದ ಮೇಲೆಯೇ ನಿಂತುಬಿಡುತ್ತಿದ್ದೆ. ಅಂಗಡಿಯವನು ಬೇಳೆಯನ್ನೂ ಬೆಲ್ಲವನ್ನೂ ಎದುರಿಗಿಟ್ಟು ಯಾವುದು ಎಂದು ಸನ್ನೆ ಮಾಡುತ್ತಿದ್ದ. ಪೂಜೆಯ ಹೊತ್ತಿನಲ್ಲಿ ಮತ್ತು ಬರೆದದ್ದನ್ನು ಓದುವಾಗ ಆ ತೊದಲು ಹತ್ತಿರ ಸುಳಿಯುತ್ತಿರಲಿಲ್ಲ. ಬುರುಜಿನ ಮೇಲೆ ನಾನು ಬೇರೆಯೇ ಮನುಷ್ಯನಾಗುತ್ತಿದ್ದೆ. ಗುರುಪಾದಯ್ಯನ ದನಿಯೆಂದರೆ ಗುಡಿಯ ಗಂಟೆ ಎಂದು ಜನ ಹೇಳಿದಾಗ ಹಿಗ್ಗುತ್ತಿದ್ದೆ. ಆ ಹಿಗ್ಗನ್ನು ಈಗ ಮುಚ್ಚಿಡುವುದಿಲ್ಲ.

ನಮ್ಮೂರಿನಲ್ಲಿ ಸುಳ್ಳು ಕೇಳಿಸಿದ ಕಡೆ ಉಪ್ಪು ನೀರಾಗುತ್ತದೆ. ಹೇಳಿದವನಿಗೆ ಅದು ಸುಳ್ಳೆಂದು ಗೊತ್ತಿರಲಿ, ಗೊತ್ತಿಲ್ಲದಿರಲಿ, ಉಪ್ಪಿಗೆ ಎರಡೂ ಒಂದೇ. ಭರಣಿಗೆ ಮುಚ್ಚಳ ಹಾಕಿದರೂ, ಹೊದಿಕೆ ಹೊದಿಸಿದರೂ ಉಳಿಯುವುದಿಲ್ಲ. ಆದ್ದರಿಂದ ಉಪ್ಪಿನ ಗಾಡಿಯವನು ಊರಾಚೆಯ ಸುಂಕದ ನಾಕಾ ದಾಟಿ ಒಳಗೆ ಬರುವುದಿಲ್ಲ. ಬೇಕಾದಾಗ ಹೆಂಗಸರೇ ಅಲ್ಲಿಗೆ ಹೋಗಿ ಹರಳುಪ್ಪು ತರುತ್ತಾರೆ. "ಇಷ್ಟು ಉಪ್ಪು ಒಯ್ದು ಏನ್ ಮಾಡ್ತೀರಬೇ? ಊರ ತುಂಬ ಉಪ್ಪಿನಕಾಯಿ ಹಾಕ್ತೀರೇನು?" ಎಂದು ಅವನು ಕೇಳುತ್ತಾನೆ. ನಮ್ಮ ಹೆಂಗಸರು ನಕ್ಕು ಸುಮ್ಮನಾಗುತ್ತಾರೆ. ಏನಾದರೂ ಸುಳ್ಳು ಉತ್ತರ ಕೊಟ್ಟರೆ ಅವನ ಗಾಡಿಗೇ ಕಷ್ಟ.

ಮನೆಯ ಉಪ್ಪು ನೀರಾಯಿತೆಂದು ಯಾರೂ ಪಕ್ಕದ ಮನೆಯವರಿಗೆ ಹೇಳುವುದಿಲ್ಲ. ಹೇಳಿದರೆ, ನಮ್ಮ ಮನೆಯಲ್ಲಿ ಸುಳ್ಳುಗಾರರಿದ್ದಾರೆ ಎಂದು ತಾವೇ ಸಾರಿದ ಹಾಗೆ. ಸದ್ದಿಲ್ಲದೆ ಹಿತ್ತಲಿಗೆ ಒಯ್ದು ಚೆಲ್ಲುತ್ತಾರೆ. ನಮ್ಮೂರಿನ ಹಿತ್ತಲುಗಳಲ್ಲಿ ಹುಲ್ಲು ಬೆಳೆಯುವುದಿಲ್ಲ. ಸುದ್ದಿಯ ಮೇಲಂತೂ ಯಾರಿಗೂ ಅನುಮಾನ ಬರುವಂತಿರಲಿಲ್ಲ, ಏಕೆಂದರೆ ಅದಕ್ಕೆ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದರು. ಅಮಾವಾಸ್ಯೆಗೊಮ್ಮೆ ಇಬ್ಬರು ಪಂಚರು ಸುದ್ದಿ ಓದುವವನ ಮನೆಗೆ ಬಂದು, ಅವನ ಉಪ್ಪಿನ ಭರಣಿಯಲ್ಲಿ ಕೈ ಹಾಕಿ, ಒಂದು ಹಿಡಿ ಎತ್ತಿ ತಟ್ಟೆಗೆ ಸುರಿದು, ಹರಳಿನ ಸದ್ದು ಕೇಳಿ, "ಒಣಾ ಐತಿ" ಎಂದು ಸಾರಿ ಹೋಗುತ್ತಿದ್ದರು. ಬುರುಜಿನ ಬುಡದಲ್ಲೇ ನಮ್ಮ ಮನೆ. ಎಲ್ಲರಿಗಿಂತ ಹೆಚ್ಚು ಸುದ್ದಿ ಕೇಳಿದ ಉಪ್ಪು ಒಣಗಿದ್ದರೆ ಸುದ್ದಿ ನಿಜವೆಂದೇ ಲೆಕ್ಕ. ಇಪ್ಪತ್ತಮೂರು ವರ್ಷದ ಅಮಾವಾಸ್ಯೆಗಳಲ್ಲಿ ನಮ್ಮ ಭರಣಿ ಒಂದು ಸಲವೂ ಪಸೆಗೂಡಿರಲಿಲ್ಲ.

ನನ್ನ ಹೆಂಡತಿ ದಾನಮ್ಮ, ಮೊದಲ ನಾಲ್ಕಾರು ದಿನ ಬಿಟ್ಟರೆ, ನಾನು ಓದುವುದನ್ನು ಯಾವತ್ತೂ ಕೇಳಲಿಲ್ಲ. ಐದೂವರೆಗೆ ನಾನು ಬುರುಜು ಹತ್ತಲು ಹೊರಟರೆ, ಅವಳು ಊರಾಚೆಯ ಗುಡ್ಡದ ಸಿದ್ಧಲಿಂಗನ ಗುಡಿಗೆ ಹೊರಡುತ್ತಿದ್ದಳು. ಮಳೆಯಿರಲಿ, ಜ್ವರವಿರಲಿ, ತಪ್ಪಿಸುತ್ತಿರಲಿಲ್ಲ. "ಒಂದು ದಿನ ಮನ್ಯಾಗ ಕುಂತು ಕೇಳಬಾರದೇನ? ಊರೆಲ್ಲ ಕೇಳ್ತದ" ಎಂದು ನಾನು ಮುನಿಸಿಕೊಂಡದ್ದೂ ಉಂಟು. "ದೇವರಿಗೆ ದೀಪ ಹಚ್ಚೂ ಹೊತ್ತು ಅದು. ನಿಮ್ಮ ದನಿ ನಾ ದಿನಾ ಕೇಳ್ತೀನಲ್ಲ, ಉಣ್ಣೂವಾಗ" ಎನ್ನುತ್ತಿದ್ದಳು. ಮನುಷ್ಯರಲ್ಲಿ ನಾನು ತೊದಲದೆ ಮಾತಾಡುತ್ತಿದ್ದುದು ಅವಳೊಬ್ಬಳ ಜೊತೆಗೆ. ಓದಿ ಇಳಿದು, ಬುರುಜಿನ ಕಟ್ಟೆಯಲ್ಲಿ ಜನರ ಹೊಗಳಿಕೆ ಕೇಳಿ ನಾನು ಮನೆಗೆ ಬರುವಷ್ಟರಲ್ಲಿ ಅವಳು ಹಣೆಗೆ ವಿಭೂತಿ ಹಚ್ಚಿಕೊಂಡು ಒಲೆಯ ಮುಂದೆ ಇರುತ್ತಿದ್ದಳು. ನಾನು ಮೊದಲು ಭರಣಿಯ ಮುಚ್ಚಳ ತೆಗೆದು ಬೆರಳಾಡಿಸುತ್ತಿದ್ದೆ. ಒಣ ಉಪ್ಪು. "ಆತೇನ್ರಿ ಸಮಾಧಾನ? ಬರ್ರಿ, ತಟ್ಟಿ ಹಾಕ್ತೀನಿ" ಎನ್ನುತ್ತಿದ್ದಳು.

ನಮ್ಮ ಗೋಡೆಗೆ ಗೋಡೆ ಹತ್ತಿಸಿಕೊಂಡ ಮನೆ ಕಾಶವ್ವನದು. ಗಂಡ ಈರಸಂಗಪ್ಪ ಹಳೆಯ ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಮಾಡುತ್ತಾನೆ. ಒಂಬತ್ತು ವರ್ಷದ ಹಿಂದೆ ಒಂದು ಸಂಜೆ ನಾನು ಸುದ್ದಿ ಮುಗಿಸಿ ಬಂದಾಗ ಗೋಡೆಯಾಚೆಯಿಂದ ಕಾಶವ್ವನ ಕೂಗು ಕೇಳಿಸಿತು. "ಕೆರಿ ದಂಡಿಗೆ ಕುಂತಿದ್ರಂತ! ಭರಣಿ ನೋಡ್ರಿ ಇಲ್ಲಿ, ಭರಣಿ! ಯಾರ ಮನಿಗೆ ಹೋಗಿದ್ರಿ, ಹೇಳ್ರಿ!" ಈರಸಂಗಪ್ಪ ಏನೋ ಅಂದ. ಮತ್ತೆ ಅಂದ. ಆಮೇಲೆ ಏನೂ ಅನ್ನಲಿಲ್ಲ. ಮರುದಿನ ತನ್ನ ಹಾಸಿಗೆ ಸುತ್ತಿಕೊಂಡು ಅಂಗಡಿಗೆ ಹೋದವನು ಅಲ್ಲೇ ಉಳಿದ. ಅವತ್ತು ನಾನು ದಾನಮ್ಮನಿಗೆ ಹೇಳಿದ ಮಾತು ನೆನಪಿದೆ: "ಮನಿಯೊಳಗ ಸುಳ್ಳು ಹೊಕ್ಕರ ಇದೇ ಗತಿ ನೋಡು." ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಬಹಳ ಹೊತ್ತು ನನ್ನ ಮುಖ ನೋಡಿದಳು.

ಹೋದ ಮಾಘದಲ್ಲಿ ಅವಳು ಗುಡಿಯ ಮೆಟ್ಟಿಲ ಮೇಲೆ ಕುಸಿದುಬಿದ್ದಳು. ಎತ್ತಿಕೊಂಡು ಮನೆಗೆ ತಂದರು. ಮೂರು ದಿನ ಇದ್ದಳು. ನಡುನಡುವೆ ಎಚ್ಚರಾದಾಗ, "ಗುಡಿಯೊಳಗ ಗಂಟು ಉಳದೈತ್ರಿ, ತರ್ರಿ" ಎನ್ನುತ್ತಿದ್ದಳು. ಕಾಯಿ ಹೂವಿನ ಗಂಟಿರಬೇಕು, ಆರಾಮಾದ ಮೇಲೆ ತಂದರಾಯಿತು ಎಂದುಕೊಂಡೆ. ನಾಲ್ಕನೆಯ ದಿನ ಬೆಳಗಿನ ಪೂಜೆಯ ಹೊತ್ತಿಗೆ ಶಿವನು ಅವಳನ್ನು ಕರೆದುಕೊಂಡ. ಅಧ್ಯಕ್ಷ ಮಲಕಾಜಪ್ಪನವರು ಬರಿಗಾಲಲ್ಲಿ ಬಂದು, ಅವಳನ್ನು ಕೂರಿಸಿದ ವಿಮಾನಕ್ಕೆ ಹೆಗಲು ಕೊಟ್ಟರು. ದೊಡ್ಡ ಮನುಷ್ಯ. ಇಪ್ಪತ್ತು ವರ್ಷದಿಂದ ಅವರು ಉಪ್ಪು ಬಿಟ್ಟು ಸಪ್ಪೆ ಉಣ್ಣುತ್ತಾರೆ. ಅವರ ಮನೆಯಲ್ಲಿ ಉಪ್ಪಿನ ಭರಣಿಯೇ ಇಲ್ಲ. ಜನರ ಒಳಿತಿಗಾಗಿ ಹಿಡಿದ ವ್ರತವೆಂದು ಊರು ಕೈಮುಗಿಯುತ್ತಿತ್ತು. ನಾನೂ ಮುಗಿದಿದ್ದೆ.

ಹನ್ನೊಂದು ದಿನ ಬಂದೇನವಾಜನೇ ಸುದ್ದಿ ಓದಿದ. ದಾನಮ್ಮ ಹೋದ ಸುದ್ದಿಯನ್ನೂ ಅವನೇ ಓದಿದ. ಬಸ್ಸಿನ ವೇಳೆ, ಹುಟ್ಟು ಸಾವು, ಇಷ್ಟು ಓದಿ ಇಳಿದುಬಿಡುತ್ತಿದ್ದ. "ಉಳಿದದ್ದು ನನ್ ಬಾಯಿಗೆ ಹೊರಳೂದಿಲ್ರಿ ಅಯ್ಯಾರ, ನೀವೇ ಬರ್ರಿ" ಎಂದ. ಮಣ್ಣಿಗೆ ಬಂದ ನೆಂಟರು ಭರಣಿ ಬರಿದಾಗಿದ್ದನ್ನು ಕಂಡು ಹೊಸ ಉಪ್ಪು ತಂದು ಭರಣಿ ತುಂಬಿಸಿಟ್ಟು ತಮ್ಮ ತಮ್ಮ ಊರಿಗೆ ಹೋದರು. ಹನ್ನೆರಡನೆಯ ದಿನ ನಾನು ಬುರುಜು ಹತ್ತಿದೆ. ಓದಿ ಬಂದು, ರೂಢಿಯಂತೆ ಮುಚ್ಚಳ ತೆಗೆದೆ. ಬೆರಳು ಗೆಣ್ಣಿನವರೆಗೆ ನೀರಿನಲ್ಲಿ ಮುಳುಗಿತು.

ಮನೆಯಲ್ಲಿ ನಾನೊಬ್ಬನೇ. ಸುಳ್ಳು ಹೇಳುವುದಕ್ಕೆ ಇನ್ನೊಬ್ಬರಿರಲಿಲ್ಲ. ನನ್ನ ಸುದ್ದಿಯ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲವೆಂಬುದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಊರಿನವರೆಲ್ಲ ಮಾಡಿದ್ದನ್ನೇ ನಾನೂ ಮಾಡಿದೆ. ಸುಳ್ಳನ್ನು ನನ್ನ ಮನೆಯೊಳಗೇ ಹುಡುಕಿದೆ. ಹೊಸ ಉಪ್ಪು ತಂದೆ. ಹಗಲೆಲ್ಲ ಒಂದು ಮಾತೂ ಆಡಲಿಲ್ಲ. ಪೂಜೆಯಲ್ಲಿ ಮಾತ್ರ ಬಾಯಿ ತೆರೆದೆ. ಸಂಜೆ ಮತ್ತೆ ನೀರು. ಹಾಗಾದರೆ ಪೂಜೆಯೇ ಸುಳ್ಳೇ? "ನೀನು ಕೊಟ್ಟದ್ದನ್ನು ನೀನೇ ಒಯ್ದೆ, ನನಗೆ ಕೊರಗಿಲ್ಲ ತಂದೆ" ಎಂದು ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಹೇಳಿದ್ದೆ. ಕೊರಗಿಲ್ಲವೆಂಬುದು ಸುಳ್ಳು. ಮರುದಿನ ಆ ಮಾತು ಬಿಟ್ಟೆ. ಅದರ ಮರುದಿನ "ನಿನ್ನನ್ನು ನಂಬಿದ್ದೇನೆ" ಎಂಬುದನ್ನು ಬಿಟ್ಟೆ. ಒಂದೊಂದೇ ಮಾತು ಬಿಡುತ್ತ ಬಿಡುತ್ತ, ಐದನೆಯ ದಿನ ಬಾಯಿ ಮುಚ್ಚಿ ಲಿಂಗವನ್ನು ಬರಿದೆ ನೋಡುತ್ತ ಕೂತೆ. ಅಷ್ಟು ಒಂಟಿತನ ಅವಳನ್ನು ಮಣ್ಣಿಗಿಟ್ಟು ಬಂದ ದಿನವೂ ನನಗೆ ಆಗಿರಲಿಲ್ಲ. ಅವತ್ತು ಸಂಜೆಯೂ ಭರಣಿಯಲ್ಲಿ ನೀರು.

ಅಮಾವಾಸ್ಯೆಗೆ ಎರಡು ದಿನ ಉಳಿದಿತ್ತು. ಎಲ್ಲಿಗೆ ಹೋಗುವುದೆಂದು ತಿಳಿಯದೆ ಬೆಳಿಗ್ಗೆ ಗುಡ್ಡ ಹತ್ತಿದೆ. ಗುಡಿಯ ಬಾಗಿಲಲ್ಲಿ ಹೂ ಕಟ್ಟುವ ಸಿದ್ದವ್ವ ನನ್ನನ್ನು ಕಂಡವಳೇ, "ಈಗ ಬಂದ್ರ್ಯಾ ಅಯ್ಯಾರ? ಆಕೀ ಗಂಟು ಕಾಯ್ಕೊಂತ ಕುಂತೀನಿ" ಎಂದು ಗೂಡಿನೊಳಗಿನಿಂದ ಒಂದು ಗಂಟು ತೆಗೆದು ನನ್ನ ಕೈಯಲ್ಲಿಟ್ಟಳು. ದಾನಮ್ಮನ ಹಳೆಯ ಇಳಕಲ್ ಸೀರೆಯ ತುಂಡು. ಬಿಚ್ಚಿದೆ. ಭರಣಿ ತುಂಬುವಷ್ಟು ಹರಳುಪ್ಪು, ಬಿಸಿಲಿಗೆ ಮಿಂಚುತ್ತಿತ್ತು.

"ಇ... ಇದೇನಿದು?" ಎಂದೆ.

"ನಿಮ್ಮ ಮನಿ ಉಪ್ಪು. ಮತ್ತೇನು?" ಎಂದಳು ಸಿದ್ದವ್ವ. "ದಿನಾ ಮಡಲಾಗ ಕಟಗೊಂಡು ಬರ್ತಿದ್ಲು. ಇಲ್ಲಿತನಾ ನಿಮ್ಮ ದನಿ ಬರೂದಿಲ್ಲ ನೋಡ್ರಿ. ದೀಪ ಹಚ್ಚಿ, ಇಲ್ಲೇ ನನ್ನ ಮಗ್ಗಲಕ್ಕ ಕುಂತು, ನೀವು ಓದಿ ಮುಗಿಸೂ ಹೊತ್ತಿಗೆ ಎದ್ದು ಓಡ್ತಿದ್ಲು. ನೀವು ಓದಾಕ ಹತ್ತಿದ ಮೊದಲನೇ ವಾರದಾಗs ಭರಣಿ ನೀರಾತಂತ. ಈ ಮೆಟ್ಟಲ ಮ್ಯಾಲೆ ಕುಂತು ಅತ್ತಿದ್ಲು. 'ಅವರಿಗೆ ಗೊತ್ತಾದ್ರ ಓದೂದು ಬಿಡ್ತಾರ ಯವ್ವಾ. ಹುಟ್ಟಿದಾಗಿಂದ ಈಗ ಬಾಯಿ ಬಂದೈತಿ ಅವರಿಗೆ' ಅಂದ್ಲು. ನಾನs ಹೇಳಿದೆ, ಹಂಗಾರ ಉಪ್ಪು ಇಲ್ಲಿಗೆ ತಾ ಅಂತ."

"ನ... ನನಗ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು?" ಎಂದು ಅವಳು ಮತ್ತೆ ಹೂ ಕಟ್ಟತೊಡಗಿದಳು.

ಕೇಳಿರಲಿಲ್ಲ. ಭರಣಿ ನೋಡಿದ್ದೆ, ಅವಳನ್ನು ಕೇಳಿರಲಿಲ್ಲ. ನನಗೇನೂ ಗೊತ್ತಿರಲಿಲ್ಲ ಎಂದು ಬರೆಯಲೂ ಕೈ ಏಳುವುದಿಲ್ಲ. ಒಂಬತ್ತು ವರ್ಷದ ಹಿಂದೆ, ಕಾಶವ್ವನ ಮನೆ ಒಡೆದ ಆ ಸಂಜೆ, ನಾನು ಓದಿದ್ದೇನು? ಮೇಲಿನ ಕೆರೆಯ ತೂಬು ರಿಪೇರಿಯಾಗಿದೆ, ಜನ ಹೆದರಬೇಕಾಗಿಲ್ಲವೆಂದು. ಕೆರೆ ಇದ್ದುದು ಅರ್ಧ ಗಂಟೆಯ ದಾರಿ. ಹೋಗಿ ನೋಡಿದ್ದೆನೇ? ಆ ಮಳೆಗಾಲದಲ್ಲಿ ತೂಬು ಕಿತ್ತು ಕೆಳಗಿನ ಹೊಲಗಳೆಲ್ಲ ಮುಳುಗಿದಾಗ, ಹೊಸ ತೂಬೂ ಮಳೆಯ ರಭಸಕ್ಕೆ ನಿಲ್ಲಲಿಲ್ಲವೆಂದು ಅದೇ ದನಿಯಲ್ಲಿ ಓದಿದೆ. ನಾನು ಸುಳ್ಳು ಓದಿದ ದಿನವೆಲ್ಲ ಊರಿನ ಪ್ರತಿಯೊಂದು ಅಡುಗೆಮನೆಯಲ್ಲಿ ಉಪ್ಪು ನೀರಾಗಿತ್ತು. ನಮ್ಮ ಭರಣಿ ಒಣಗಿದ್ದುದರಿಂದ ಪ್ರತಿಯೊಂದು ಮನೆಯೂ ತನ್ನವರನ್ನೇ ಅನುಮಾನಿಸಿತ್ತು. ಸೊಸೆಯನ್ನು ಅತ್ತೆ, ಅಣ್ಣನನ್ನು ತಮ್ಮ. ಒಬ್ಬರ ಮುಖವನ್ನೊಬ್ಬರು ನೋಡದ ಎಷ್ಟು ಮನೆಗಳಿವೆ ನಮ್ಮೂರಲ್ಲಿ! ನಾನು ಅದನ್ನು ಕಾಲದ ಕೇಡು ಎಂದುಕೊಂಡಿದ್ದೆ.

ಗಂಟನ್ನು ಸಿದ್ದವ್ವನ ಬಳಿಯೇ ಬಿಟ್ಟು, ಅಲ್ಲಿಂದ ನೇರ ಅಧ್ಯಕ್ಷರ ಮನೆಗೆ ಹೋದೆ. ಅವರು ಊಟಕ್ಕೆ ಕೂತಿದ್ದರು. ನಾನು ತೊದಲುತ್ತ ಹೇಳಿದ್ದನ್ನು, ನಡುವೆ ಬಾಯಿ ಹಾಕದೆ, ಪೂರ್ತಿ ಕೇಳಿದರು. ಆಮೇಲೆ ಸಪ್ಪೆ ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುತ್ತ, "ತಂಗಿ ದಾನಮ್ಮ ಭಾಳ ಶಾಣ್ಯಾಕಿ" ಎಂದರು. "ಇನ್ಮ್ಯಾಲ ನಮ್ಮ ಬಂದೇನವಾಜ ನಾಕಾದಿಂದ ಒಣಾ ಉಪ್ಪು ತಂದಿಡ್ತಾನ. ಅಮಾಸಿ ತಿಂಗಳಿಗೆ ಒಂದs ಅಲ್ಲೇನ್ರಿ?"

"ತೂ... ತೂಬಿನ ಸುದ್ದಿ ಸುಳ್ಳಾಗಿತ್ರಿ."

"ರಿಪೇರಿ ಮಾಡಿಸ್ಬೇಕಂತ ಮನಸ್ಸಿನಾಗ ಇತ್ತು. ಅವತ್ತು ಹೆದರಿಕಿ ಸುದ್ದಿ ಓದಿಸಿದ್ರ ಜನ ಮನಿ ಬಿಟ್ಟು ಓಡ್ತಿದ್ರು." ಕೈ ತೊಳೆದು ಅವರು ನನ್ನ ಹತ್ತಿರ ಬಂದು ಕೂತರು. "ಗುರುಪಾದಯ್ಯಾರ, ಎಲ್ಲಾ ಸುದ್ದಿ ನಿಜ ಇರಬೇಕಂತ ಜನ ಎಂದೂ ಕೇಳಿಲ್ಲ. ಊರಾಗ ಒಂದರs ಭರಣಿ ಒಣಾ ಇದ್ರ ಸಾಕು ಅವರಿಗೆ, ನೆಮ್ಮದೀಲೆ ಮಲಗ್ತಾರ. ನೀವು ಈಗ ಬಾಯಿ ಬಿಟ್ರಿ ಅಂದ್ರ ಹೋಗೂದು ನನ್ ಕುರ್ಚಿ ಅಲ್ಲ. ಆ ಹೆಣ್ಮಗಳ ಹೆಸರು ಹೋಗ್ತದ. ಮಣ್ಣು ಮಾಡಿ ಇನ್ನೂ ತಿಂಗಳಾಗಿಲ್ಲ. ವಿಚಾರ ಮಾಡ್ರಿ."

ಆ ಮಾತು ನನ್ನನ್ನು ಕಟ್ಟಿಹಾಕಿತು. ಊರಿನ ಹೆಂಗಸರು ಅವಳನ್ನು ಶರಣೆ ಎಂದು ಕರೆಯುತ್ತಿದ್ದರು. ಗುಡಿ ತಪ್ಪಿಸದ ದಾನಮ್ಮ. ಇನ್ನು ಅವಳು ಊರಿನ ಕಣ್ಣಿಗೆ ಮಣ್ಣೆರಚಿದವಳು. ಮಲಕಾಜಪ್ಪನವರ ಮನೆಯ ಮೆಟ್ಟಿಲಿಳಿಯುವಾಗ ಸುಮ್ಮನಿದ್ದುಬಿಡುವುದೆಂದೇ ನಿಶ್ಚಯಿಸಿದ್ದೆ. ಆದರೆ ಕಾಲು ಮನೆಯ ದಾರಿ ಬಿಟ್ಟು ಹಳೆಯ ಬಸ್ ನಿಲ್ದಾಣದ ಕಡೆಗೆ ನಡೆಯಿತು.

ಈರಸಂಗಪ್ಪ ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ ಪಂಕ್ಚರ್ ಹುಡುಕುತ್ತಿದ್ದ. ಹಿಂದೆ ಹಲಗೆ ಮರೆಮಾಡಿದ ಜಾಗದಲ್ಲಿ ಒಂದು ಹಾಸಿಗೆ, ಒಂದು ಸ್ಟೋವು, ಒಂದೇ ಒಂದು ತಟ್ಟೆ. "ಬರ್ರಿ ಅಯ್ಯಾರ, ನಿಮ್ಮ ಸೈಕಲ್ ಎಲ್ಲಿ?" ಎಂದ. ನನಗೆ ಸೈಕಲ್ಲೇ ಇಲ್ಲವೆಂದು ಅವನಿಗೆ ಗೊತ್ತು. ಅಲ್ಲಿಗೆ ಬರುವವರನ್ನೆಲ್ಲ ಅವನು ಹಾಗೇ ಮಾತಾಡಿಸುತ್ತಾನೆ. ನಾನು ತೂಬಿನ ವಿಷಯ ಹೇಳಿದೆ. ಅವತ್ತು ಅವನ ಮನೆಯ ಉಪ್ಪು ನೀರಾದದ್ದು ನನ್ನ ಸುದ್ದಿಯಿಂದ ಎಂದೆ. ಅವನ ಕೈ ನೀರಿನೊಳಗೇ ನಿಂತಿತು. ಟ್ಯೂಬಿನ ತೂತಿನಿಂದ ಗುಳ್ಳೆಗಳು ಎದ್ದು ಎದ್ದು ಒಡೆಯುತ್ತಿದ್ದವು.

"ಅವತ್ತು ನಾ ಕೆರಿ ದಂಡಿಗs ಕುಂತಿದ್ದೆ ಅಯ್ಯಾರ," ಎಂದ ಕೊನೆಗೆ. "ಮನಸ್ಸಿಗೆ ಬ್ಯಾಸರ ಆಗಿತ್ತು, ಸುಮ್ನ ಹೋಗಿದ್ದೆ. ಒಡೆದ ತೂಬು ಕಣ್ಣಾರೆ ನೋಡಿದ್ದೆ. ಮನಿಗೆ ಬಂದ್ರ ನೀವು ರಿಪೇರಿ ಆಗೇದ ಅಂತ ಓದಾಕತ್ತಿದ್ರಿ. ಈಕಿ ಭರಣಿ ತಂದು ಮುಂದ ಇಟ್ಲು, ನೀರು. ನಿಮ್ಮ ಸುದ್ದಿ ಸುಳ್ಳಿರೂದು ಶಕ್ಯ ಇಲ್ಲ. ಹಂಗಾದ್ರ ನಾ ನೋಡಿದ್ದೇನು? ನಾ ಕೆರಿಗೆ ಹೋಗಿದ್ದೆನೋ ಇಲ್ಲೋ ಅಂತ ನನಗs ಅನುಮಾನ ಬಂತು. ಅದಕ್ಕs ಸುಮ್ಮನಾದೆ. ಒಂಬತ್ತು ವರ್ಷ ಆತು, ನಾ ಏನ್ ನೋಡಿದ್ರೂ ಇದು ಖರೇನೋ ಸುಳ್ಳೋ ಅಂತ ಎರಡು ಸಲ ಕೇಳ್ಕೊಂತೀನಿ." ಟ್ಯೂಬನ್ನು ನೀರಿನಿಂದ ಎತ್ತಿ, ತೂತಿನ ಮೇಲೆ ಬೆರಳಿಟ್ಟು, ನನ್ನತ್ತ ನೋಡಿದ. "ತೂಬು ಒಡೆದಿತ್ತು, ಹೌದಲ್ರಿ?"

"ಒ... ಒಡೆದಿತ್ತು," ಎಂದೆ.

"ನೋಡ್ರಿ ಮತ್ತ," ಎಂದು ಅವನು ತೋಳಿನಿಂದ ಕಣ್ಣೊರೆಸಿಕೊಂಡ.

ದಾನಮ್ಮನ ಹೆಸರು ಒಂದು ಕಡೆ, ಈ ಮನುಷ್ಯನ ಕಣ್ಣು ಒಂದು ಕಡೆ. ಅವಳಿದ್ದಿದ್ದರೆ ಯಾವುದನ್ನು ಹಿಡಿಯಿರಿ ಎನ್ನುತ್ತಿದ್ದಳು? ಅವತ್ತು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದ ಆ ಮುಖ ನೆನಪಾಯಿತು. ಹೇಳಲಾರದೆ ಅವಳೂ ಒಂಟಿಯಾಗಿದ್ದಳು, ನನ್ನ ಎದುರಿಗೇ ಕೂತು.

ಅವತ್ತು ಸಂಜೆ ಗುಡಿಯಿಂದ ಉಪ್ಪಿನ ಗಂಟನ್ನು ತಂದು ಸೊಂಟಕ್ಕೆ ಕಟ್ಟಿಕೊಂಡು ಬುರುಜು ಹತ್ತಿದೆ. ಬಂದೇನವಾಜ ಕೊಟ್ಟ ಹಾಳೆಯನ್ನು ಮಡಿಸಿ ಅವನ ಕೈಗೇ ಇಟ್ಟೆ. ಅವನು ನನ್ನ ಮುಖ ನೋಡಿದ, ಗಂಟು ನೋಡಿದ. ಏನು ಅರ್ಥವಾಯಿತೋ, ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ ಅಲ್ಲೇ ಬೆನ್ನು ಕೊಟ್ಟು ನಿಂತ. ನನ್ನ ಮುಂದೆ ಓದಲು ಏನೂ ಇರಲಿಲ್ಲ. ಬಾಯಿ ತೆರೆದೆ, ಮೊದಲ ಅಕ್ಷರದ ಮೇಲೆಯೇ ನಿಂತೆ. ಊರೆಲ್ಲ ಕೇಳುವ ಹಾಗೆ, ನಾಲ್ಕೂ ದಿಕ್ಕಿಗೆ, ತೊದಲಿದೆ. ಕೆಳಗೆ ಯಾರೋ ನಕ್ಕರು. ಆಮೇಲೆ ನಗು ನಿಂತಿತು. ಹೇಗೋ ಹೇಳಿದೆ: ಮೇಲಿನ ಕೆರೆಯ ತೂಬು ರಿಪೇರಿಯಾಗಿರಲಿಲ್ಲ. ನಾನು ಹೋಗಿ ನೋಡಿರಲಿಲ್ಲ. ಅವತ್ತು ಮತ್ತು ಇನ್ನೆಷ್ಟೋ ದಿನ ನಿಮ್ಮ ಮನೆಗಳಲ್ಲಿ ನೀರಾದ ಉಪ್ಪು ನಿಮ್ಮವರ ಸುಳ್ಳಿನಿಂದ ಆದದ್ದಲ್ಲ, ನಾನು ಓದಿದ್ದರಿಂದ ಆದದ್ದು. ನಮ್ಮ ಮನೆಯ ಉಪ್ಪು ಒಣಗಿದ್ದುದು ಅದು ಸುದ್ದಿಯನ್ನು ಕೇಳಿಯೇ ಇರಲಿಲ್ಲವಾದ್ದರಿಂದ. ನನ್ನ ಹೆಂಡತಿ ಅದನ್ನು ದಿನವೂ ಗುಡಿಗೆ ಒಯ್ಯುತ್ತಿದ್ದಳು. ನನ್ನ ಮೇಲಿನ ಕರುಣೆಯಿಂದ ಹಾಗೆ ಮಾಡಿದಳು. ತಪ್ಪು ನನ್ನದು. ಅರ್ಧ ಗಂಟೆಯಲ್ಲಿ ಊರಿನ ಎಲ್ಲ ಸುದ್ದಿ ಓದುತ್ತಿದ್ದವನಿಗೆ ಇಷ್ಟು ಹೇಳಲು ಮುಕ್ಕಾಲು ಗಂಟೆ ಬೇಕಾಯಿತು.

ಇಳಿದು ಬಂದಾಗ ಬೀದಿಯಲ್ಲಿ ಯಾರೂ ಮಾತಾಡಿಸಲಿಲ್ಲ. ಮನೆಯ ಕದ ತೆರೆದು ಕತ್ತಲಲ್ಲಿ ಕೂತೆ. ಅಮಾವಾಸ್ಯೆಗೆ ಪಂಚರು ಬರುವುದಿಲ್ಲ, ಬುರುಜಿನ ಬೀಗದ ಕೈಯನ್ನು ನಾಳೆ ಬಂದು ಒಯ್ಯುತ್ತಾರೆ ಎಂದು ಹೊಳೆಯಿತು. ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲಿನಿಂದ ಕಾಶವ್ವ ಇಣುಕಿದಳು.

"ಅಣ್ಣಾರ, ನಿಮ್ಮ ಹೊಟ್ಟಿ ತಣ್ಣಗಿರಲಿ ಅಂತ ನಾ ಅನ್ನೂದಿಲ್ಲ," ಎಂದಳು. "ಒಂಬತ್ತು ವರ್ಷ! ಗ್ವಾಡಿ ಈ ಕಡೆ ನಾ ಅಳೂದು ಕೇಳಿಸಿರಲಿಲ್ಲೇನು ನಿಮಗ?"

"ಕೇ... ಕೇಳಿಸಿತ್ತವ್ವಾ."

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. ಆಮೇಲೆ ಒಂದು ಬಟ್ಟಲು ಚಾಚಿದಳು. "ಸಾರು ಇಟ್ಟೀನಿ. ಅಂಗಡಿಗೆ ಒಯ್ಯಬೇಕು. ನಿನ್ನೀದು ನೀರಾಗೈತಿ, ಉಪ್ಪಿದ್ರ ಕೊಡ್ರಿ."

ಸೊಂಟದ ಗಂಟು ಬಿಚ್ಚಿದೆ. ಅಷ್ಟು ಹತ್ತಿರದಿಂದ ನನ್ನ ಮಾತನ್ನೆಲ್ಲ ಕೇಳಿತ್ತು ಅದು. ಹರಳು ಹರಳಾಗಿ ಒಣಗಿತ್ತು. ಅವಳಿಗೆ ಗಂಟನ್ನೇ ಕೊಟ್ಟುಬಿಟ್ಟೆ.

ಮರುದಿನ ಮಧ್ಯಾಹ್ನ ಅವಳು ಸೀರೆಯ ತುಂಡನ್ನು ಒಗೆದು ಮಡಿಸಿ ತಂದು ಗೋಡೆಯ ಮೇಲಿಟ್ಟಳು. ಈರಸಂಗಪ್ಪ ಮನೆಗೆ ಬಂದನೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳೇ ಹೇಳಿದಳು: "ಬರಲಿಲ್ಲ. ಸಾರು ಉಪ್ಪಾತು ಅಂದ್ರು. ಎಷ್ಟು ಹಾಕ್ತಿದ್ದೆ ಅನ್ನೂದು ನನಗs ಮರತು ಹೋಗೈತಿ. ಆದ್ರೂ ಭಾಂಡಿ ತಿಕ್ಕಿ ಕೊಟ್ಟು ಕಳಿಸ್ಯಾರ. ಇವತ್ತು ಕಡಿಮಿ ಹಾಕಿ ಒಯ್ತೀನಿ."

ನಾನು ಆ ಬಟ್ಟೆಯನ್ನು ದೇವರ ಗೂಡಿನಲ್ಲಿ, ದಾನಮ್ಮನ ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟೆ. ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಬಿಟ್ಟಿದ್ದ ಮಾತುಗಳನ್ನು ಒಂದೊಂದಾಗಿ ಹಿಂದಕ್ಕೆ ಕರೆದೆ. ಕೊರಗಿಲ್ಲ ಎಂಬುದನ್ನು ಮಾತ್ರ ಕರೆಯಲಿಲ್ಲ. ಸಂಜೆ ಆರಾಯಿತು. ಬುರುಜು ಸುಮ್ಮನಿತ್ತು. ಒಲೆ ಹೊತ್ತಿಸಿ, ಒಬ್ಬನಿಗೆ ಸಾಕಾಗುವಷ್ಟು ಅನ್ನಕ್ಕಿಟ್ಟು, ಅವಳು ಕೂರುತ್ತಿದ್ದ ಜಾಗದ ಎದುರಿಗೆ ಕೂತೆ. ಇಪ್ಪತ್ತಮೂರು ವರ್ಷ ನಾನು ಓದಿದ್ದನ್ನು ಕೇಳದೆ ಇದ್ದವಳು. ನಿನ್ನೆಯ ಸುದ್ದಿಗೆ ಅವಳು ಮನೆಯಲ್ಲೇ ಇರಬಹುದಿತ್ತು.